‘ಇತರೆ’ ಎಂಬ ಚೀಟಿ

ಬೆಳಕು ಹರಿಯುವ ಮೊದಲು ಅಕ್ಷರದಕ್ಕ ಮಾಡುವ ಕೆಲಸಗಳು ಇವು: ಬಾಗಿಲ ಬಳಿಯ ಹಾಲಿನ ಪ್ಯಾಕೆಟ್ಟು ಒಳಗೆ ತರುವುದು, ಒಲೆ ಹಚ್ಚಿ ಹಾಲಿಡುವುದು, ಅದು ಉಕ್ಕುವಷ್ಟರಲ್ಲಿ ಅಡುಗೆಮನೆ ಗುಡಿಸುವುದು, ನೀರಿನ ಮೋಟಾರು ಹಾಕುವುದು, ಟ್ಯಾಂಕು ತುಂಬಿ ಚೆಲ್ಲುವ ಮೊದಲು ಅದನ್ನು ಆರಿಸುವುದು, ಅತ್ತೆಯ ಮಾತ್ರೆಗಳನ್ನು ಎರಡು ಬಟ್ಟಲಲ್ಲಿ ತೆಗೆದಿಡುವುದು (ಬಿಳಿಯದು ತಿನ್ನುವ ಮುಂಚೆ, ಹಳದಿಯದು ತಿಂದ ಮೇಲೆ), ಗಂಡನ ಅಂಗಿಗೆ ಇಸ್ತ್ರಿ, ಮಗಳ ನೀರಿನ ಬಾಟಲಿ, ಮೀನಿನ ತೊಟ್ಟಿಗೆ ಒಂದು ಚಿಟಿಕೆ ಆಹಾರ, ಟಿವಿಯ ಹಿಂದಿನ ಧೂಳು. ಕೊನೆಗೆ ಕುರ್ಚಿ ಹತ್ತಿ, ಗೋಡೆ ಗಡಿಯಾರದ ಗಾಜು ತೆಗೆದು, ದೊಡ್ಡ ಮುಳ್ಳನ್ನು ನಾಲ್ಕು ನಿಮಿಷ ಮುಂದಕ್ಕೆ ತಳ್ಳುವುದು.

ಈ ಕೊನೆಯ ಕೆಲಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಡಿಯಾರ ಮಾವನವರ ಕಾಲದ್ದು, ವಾರಕ್ಕೊಮ್ಮೆ ಕೀಲಿ ಬೇಡುವಂಥದ್ದು. ಭಾನುವಾರ ಸ್ನಾನ ಮುಗಿಸಿ, ಕನ್ನಡಕ ಒರೆಸಿಕೊಂಡು, ಗಂಡ ಅದಕ್ಕೆ ಹನ್ನೆರಡು ಸುತ್ತು ಕೀಲಿ ಕೊಡುತ್ತಾನೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಿಕ್ಸಿ ತಿರುಗಿಸುವಂತಿಲ್ಲ. ಮನೆಗೆ ಬಂದವರಿಗೆಲ್ಲ ಅವನು ಅದನ್ನು ತೋರಿಸಿ, ಅಪ್ಪ ಹೋಗಿ ಇಷ್ಟು ವರ್ಷವಾದರೂ ಒಂದು ನಿಮಿಷ ಆಚೀಚೆ ಆಗಿಲ್ಲವೆಂದು ಹೇಳುತ್ತಾನೆ. ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ಸೊಸೆಯನ್ನು ಪಕ್ಕಕ್ಕೆ ಕರೆದು, ಸಾಮಾನಿನ ಡಬ್ಬಗಳ ಜೊತೆಯಲ್ಲೇ ಈ ಗುಟ್ಟನ್ನೂ ಒಪ್ಪಿಸಿದ್ದರು.

“ಇಪ್ಪತ್ತಾರು ವರ್ಷ ನಾನು ತಳ್ಳಿದೀನಿ. ಇನ್ಮೇಲೆ ನೀನು ತಳ್ಳು. ಗಂಡಸರ ಕಿವಿಗೆ ಹಾಕ್ಬೇಡ. ಪಾಪ, ಖುಷಿಯಾಗಿದಾರೆ.”

ಅಂದಿನಿಂದ ಈ ಮನೆಯಲ್ಲಿ ಹೊತ್ತು ಸರಿಯಾಗಿದೆ.

ಅಕ್ಷರದಕ್ಕ ಎನ್ನುವುದು ಬೀದಿಯವರು ಕೊಟ್ಟ ಹೆಸರು. ಅವಳು ಪಾಠ ಹೇಳುವವಳಲ್ಲ, ಅಕ್ಷರ ಹೊಲಿಯುವವಳು. ಆಸ್ಪತ್ರೆಯ ಕೋಟಿನ ಜೇಬಿನ ಮೇಲೆ, ಬೇಕರಿ ಹುಡುಗಿಯರ ಏಪ್ರನ್ನಿನ ಮೇಲೆ, ಶಾಲೆಯ ಚೀಲದ ಮೇಲೆ ಯಾರ್ಯಾರದೋ ಹೆಸರನ್ನು ದಾರದಲ್ಲಿ ಬರೆಯುವುದು ಅವಳ ಕಸುಬು. ಮೊದಲು ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಕೂಡಿಸುತ್ತಿದ್ದಳು. ದಿನಕ್ಕೆ ನಾನೂರು ಕಾಲರು. ಒಂದಕ್ಕೂ ತೋಳು ಹಚ್ಚಿದ್ದಿಲ್ಲ, ಪೂರ್ತಿ ಅಂಗಿಯನ್ನು ಕಂಡಿದ್ದು ಬಸ್ಸಿನಲ್ಲಿ ಯಾರದೋ ಮೈಮೇಲೆ ಮಾತ್ರ. ಕಾರ್ಖಾನೆ ಬಾಗಿಲು ಹಾಕಿದಾಗ ಅಲ್ಲಿಯ ಒಂದು ಹಳೆಯ ಕಸೂತಿ ಯಂತ್ರ ಅವಳ ಪಾಲಿಗೆ ಬಂತು. ಒಂದೇ ಸೂಜಿ, ಅಂಗೈಯಷ್ಟು ಪರದೆ. ಅಕ್ಷರಗಳನ್ನು ಪರದೆಯಲ್ಲಿ ಜೋಡಿಸಿ, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಹಸಿರು ಗುಂಡಿ ಒತ್ತಿದರೆ ಸೂಜಿ ತಾನೇ ಬರೆಯುತ್ತದೆ.

ತಾನೇ ಬರೆಯುತ್ತದೆ ಎನ್ನುವುದು ಮನೆಯವರ ಅಭಿಪ್ರಾಯ. ಹಾಗಾಗಿ ಅವಳು ಯಂತ್ರದ ಮುಂದೆ ಕೂತಿರುವಾಗ ಸುಮ್ಮನೆ ಕೂತಿದ್ದಾಳೆಂದೇ ಅವರೆಲ್ಲ ತಿಳಿದಿದ್ದರು. ಟವೆಲ್ಲು ಎಲ್ಲಿದೆ, ಸಕ್ಕರೆ ಮುಗಿಯಿತೇ, ಬಾಗಿಲು ಯಾರು ಬಡಿಯುತ್ತಿದ್ದಾರೆ, ಎಲ್ಲದಕ್ಕೂ ಅವಳನ್ನೇ ಕರೆಯುತ್ತಿದ್ದರು. ಅವಳು ನೋಡುತ್ತಿದ್ದದ್ದು ಪರದೆಯ ಮೂಲೆಯ ಅಂಕಿಯನ್ನು. ಎಷ್ಟನೆಯ ಹೊಲಿಗೆ ನಡೆಯುತ್ತಿದೆ ಎಂದು ಅದು ಹೇಳುತ್ತದೆ. ಕರೆಂಟು ಹೋದರೆ ಅಂಕಿಯೂ ಹೋಗುತ್ತದೆ, ಕರೆಂಟು ಬಂದಾಗ ಯಂತ್ರ ಮೊದಲಿನಿಂದ ಬರೆಯಲು ಹೊರಡುತ್ತದೆ. ಆಗ ಅವಳು ಬಟ್ಟೆಯ ಮೇಲಿನ ಕಡೆಯ ಹೊಲಿಗೆಯನ್ನು ಉಗುರಿನಿಂದ ಮುಟ್ಟಿ, ನೆನಪಿನಲ್ಲಿದ್ದ ಅಂಕಿಯನ್ನು ಹಿಡಿದು, ಸೂಜಿಯನ್ನು ಅಲ್ಲಿಗೇ ತಂದು ನಿಲ್ಲಿಸಬೇಕು. ಹತ್ತಕ್ಕೆ ಒಂಬತ್ತು ಸಲ ನಿಲ್ಲಿಸುತ್ತಿದ್ದಳು. ಆದರೂ ಅಕ್ಷರದ ಹೊಟ್ಟೆಯಲ್ಲಿ ಒಂದು ದಾರದಷ್ಟು ಜರುಗಿದ ಗುರುತು ಉಳಿಯುತ್ತಿತ್ತು. ಅದಕ್ಕೆ ಅವಳು ಇಟ್ಟ ಹೆಸರು ಮೆಟ್ಟಿಲು.

ಸಮವಸ್ತ್ರದಂಗಡಿಯ ಒಡತಿಯ ಕಣ್ಣಿಗೆ ಮೆಟ್ಟಿಲು ಬೇಗ ಬೀಳುತ್ತಿತ್ತು. ಅವಳು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳು ಇಟ್ಟು ತೋರಿಸುತ್ತಿದ್ದಳು.

ಹದಿನಾಲ್ಕು ತಿಂಗಳ ಹಿಂದೆ ಮನೆಗೆ ಯುಪಿಎಸ್ ಬಂದದ್ದು ಈ ಕಾರಣಕ್ಕೇ. ಹಾಗೆಂದು ಗಂಡ ಹೇಳುತ್ತಾನೆ. ಅವನು ಒಂದು ಕಚೇರಿಯ ಕಡತ ವಿಭಾಗದಲ್ಲಿ ಗುಮಾಸ್ತ. ಯಾವ ಕಾಗದ ಯಾವ ಕಡತಕ್ಕೆ ಸೇರಬೇಕೆಂದು ಚೀಟಿ ಅಂಟಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕಚೇರಿಯಲ್ಲಿ ಬೆನ್ನ ಹಿಂದೆ ಅವನಿಗೆ ಚೀಟಿ ಸಾಹೇಬರು ಎನ್ನುತ್ತಾರೆ, ಮುಂದೆಯೂ ಒಮ್ಮೊಮ್ಮೆ ಬಾಯಿ ತಪ್ಪಿ ಅಂದುಬಿಡುತ್ತಾರೆ. ಒಳ್ಳೆಯ ಮನುಷ್ಯ. ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ, ದನಿಯೆತ್ತಿದ್ದೂ ಕಡಿಮೆ. ಕಾಫಿ ಲೋಟವನ್ನು ಎತ್ತಿ ಬಚ್ಚಲಿಗೆ ಇಟ್ಟವನೂ ಅಲ್ಲ ಅನ್ನುವುದು ಬೇರೆ ಮಾತು.

ಆ ಪೆಟ್ಟಿಗೆಯನ್ನು ಅವನು ಮಗುವಿನ ಹಾಗೆ ಎದೆಗೊತ್ತಿಕೊಂಡು ತಂದಿದ್ದ. “ಇವಳೇ, ನೋಡು, ನಿನಗೋಸ್ಕರ” ಎಂದಿದ್ದ. ಇಪ್ಪತ್ತೆರಡು ವರ್ಷದಿಂದ ಅವಳು ಅವನಿಗೆ ‘ಇವಳೇ’, ಅವನು ಅವಳಿಗೆ ‘ರೀ’. ಎರಡಕ್ಕೂ ಕಡತದಲ್ಲಿ ಬೇರೆ ಹೆಸರಿಲ್ಲ. ಪೆಟ್ಟಿಗೆಯನ್ನು ಟಿವಿಯ ಹಿಂದೆ ಇಟ್ಟ. ಅದರ ಬೆನ್ನಿಗೆ ಪ್ಲಗ್ಗು ಚುಚ್ಚುವ ತೂತುಗಳು ಎರಡು ಸಾಲು, ಎಡಕ್ಕೆ ಮೂರು, ಬಲಕ್ಕೆ ಮೂರು. ತೂತಿಗೊಂದರಂತೆ ಬಿಳಿ ಚೀಟಿ ಬರೆದು, ಪೆಟ್ಟಿಗೆಯ ಬೆನ್ನಿಗೆ ಒತ್ತಿ ಒತ್ತಿ ಅಂಟಿಸಿದ. ಎಡಸಾಲಿನಲ್ಲಿ ‘ಟಿವಿ’, ‘ನೆಟ್’, ‘ಮೀನು’. ಮೀನು ಎಂದರೆ ಅವನ ತೊಟ್ಟಿಯ ನೀರಿಗೆ ಗಾಳಿ ಊದುವ ಪುಟ್ಟ ಪಂಪು. ಬಲಸಾಲಿನಲ್ಲಿ ಎರಡು ತೂತು ಖಾಲಿ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಿಂದ, ಬಾಗಿಲಡಿ ನುಸುಳಿ ಬಂದ ಹೆಂಡತಿಯ ಉದ್ದ ವೈರಿಗೆ ಮೂರನೆಯದು. ಆ ವೈರಿನಲ್ಲಿ ಯಂತ್ರವೂ ಇತ್ತು, ಮೇಜಿನ ದೀಪವೂ ಇತ್ತು. ಒಂದು ಕ್ಷಣ ಪೆನ್ನು ತುಟಿಗಿಟ್ಟುಕೊಂಡು ಯೋಚಿಸಿ, ಕಚೇರಿಯಲ್ಲಿ ಯಾವ ಕಡತಕ್ಕೂ ಸೇರದ ಕಾಗದಕ್ಕೆ ಬರೆಯುವುದನ್ನೇ ಬರೆದ: ‘ಇತರೆ’.

ಮಗಳಿಗೆ ಅದು ಬಹಳ ಹಿಡಿಸಿತು. ಕಾಲೇಜಿಗೆ ಹೋಗುವ ಹುಡುಗಿ, ನಾಲಿಗೆ ಸ್ವಲ್ಪ ಚೂಪು. “ಅಮ್ಮ, ನೀನಿನ್ಮೇಲೆ ಇತರೆ” ಎಂದಳು. ಊಟಕ್ಕೆ ಕರೆಯುವಾಗಲೂ ಅಪ್ಪ, ಅಜ್ಜಿ, ಇತರೆ ಎನ್ನುತ್ತಿದ್ದಳು. ಅಕ್ಷರದಕ್ಕನೂ ನಕ್ಕಳು. ಅಕ್ಷರ ದುಂಡಗಿತ್ತು, ಅದನ್ನು ಮೆಚ್ಚಿಕೊಳ್ಳಲೇಬೇಕು.

ಯುಪಿಎಸ್ ಬಂದ ಮೇಲೆ ಕರೆಂಟು ಹೋದರೆ ನಡೆಯುತ್ತಿದ್ದದ್ದು ಹೀಗೆ: ಪೆಟ್ಟಿಗೆ ಕೀಂ ಕೀಂ ಎನ್ನುತ್ತಿತ್ತು. ಟಿವಿ ಓಡುತ್ತಿತ್ತು, ನೆಟ್ ಓಡುತ್ತಿತ್ತು, ಮೀನು ಉಸಿರಾಡುತ್ತಿತ್ತು. ಅಕ್ಷರದಕ್ಕನ ಸೂಜಿ ಮಾತ್ರ ಬಟ್ಟೆಯೊಳಗೆ ಮೂಗು ತೂರಿಸಿದ್ದು ಹಾಗೇ ನಿಂತುಬಿಡುತ್ತಿತ್ತು. ಮೊದಲ ಸಲ ಅವಳು ಗಾಬರಿಯಿಂದ ಹೊರಗೆ ಬಂದಾಗ ಗಂಡ ಪೆಟ್ಟಿಗೆಯನ್ನು ನೋಡಿ, ಯಂತ್ರವನ್ನು ನೋಡಿ, ಗದ್ದ ಕೆರೆದುಕೊಂಡು ಕಾರಣ ಕಂಡುಹಿಡಿದ. ಅವಳ ಯಂತ್ರ ಹಳೆಯದು, ಭಾರ ಜಾಸ್ತಿ, ಇದು ಬುದ್ಧಿಯಿರುವ ಪೆಟ್ಟಿಗೆ, ತಡೆಯಲಾಗದ ಭಾರವನ್ನು ತಾನೇ ಕಳಚಿ ಹಾಕುತ್ತದೆ. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವೆನ್ನಿಸಿತು. ಆಮೇಲೆ ಟಿವಿ ಕಾಲು ಗಂಟೆಗೇ ಆರಿಹೋದ ದಿನಗಳಲ್ಲೂ ತಪ್ಪು ಯಂತ್ರದ್ದೇ ಆಯಿತು. ಬ್ಯಾಟರಿಯನ್ನೆಲ್ಲ ಅದೇ ಕುಡಿದುಬಿಟ್ಟಿತೆಂದು ಮನೆಯವರೆಲ್ಲ ಸಣ್ಣ ಕೋಣೆಯ ಕಡೆ ನೋಡುತ್ತಿದ್ದರು. ಅಕ್ಷರದಕ್ಕ, ಓಡದೆ ಸತ್ತು ಬಿದ್ದಿದ್ದ ಯಂತ್ರದ ಪರವಾಗಿ, ನಾಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಮಕ್ಕಳ ಆಸ್ಪತ್ರೆಯ ಕೋಟುಗಳು ಬಂದವು. ಮೂವತ್ತೆರಡು ಬಿಳಿ ಕೋಟು, ಎಲ್ಲದರ ಎದೆಯ ಮೇಲೂ ನೀಲಿ ದಾರದಲ್ಲಿ ಹೆಸರು, ಹುದ್ದೆ. ಮುಂದಿನ ಸೋಮವಾರ ಆಸ್ಪತ್ರೆ ತೆರೆಯುವುದಿತ್ತು. ಮೂವತ್ತನ್ನು ಅಂಗಡಿಯೊಡತಿ ತೆಗೆದುಕೊಂಡಳು, ಮೆಟ್ಟಿಲಿದ್ದ ಎರಡನ್ನು ಮಂಗಳವಾರ ಸಂಜೆ ವಾಪಸು ತಂದಳು. ಹೊಸ ಕೋಟು ಶುಕ್ರವಾರ ತಲುಪಿಸುವುದಾಗಿಯೂ, ಶನಿವಾರ ಹನ್ನೊಂದಕ್ಕೆ ತಾನೇ ಬಂದು ಒಯ್ಯುವುದಾಗಿಯೂ ಹೇಳಿದಳು. ಬಾಗಿಲು ದಾಟಿದವಳು ಮತ್ತೆ ತಿರುಗಿ ನಿಂತಳು.

“ನೋಡಕ್ಕ, ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ. ನಿನ್ನ ಮನೆ ಕರೆಂಟಿನ ಮೇಲಿಲ್ಲ. ಈ ಎರಡರಲ್ಲಿ ಒಂದಕ್ಕೆ ಮೆಟ್ಟಿಲು ಬಂದ್ರೂ ಇನ್ಮೇಲೆ ದೊಡ್ಡ ಮಷೀನಿನವರ ಹತ್ರ ಕೊಡ್ತೀನಿ. ಬೇಜಾರು ಮಾಡ್ಕೋಬೇಡ.”

ದೊಡ್ಡ ಯಂತ್ರದವರಿಗೆ ಹೋದ ಕೆಲಸ ಮರಳಿ ಬರುವುದಿಲ್ಲ. ಅದು ಅಕ್ಷರದಕ್ಕನಿಗೆ ಗೊತ್ತಿತ್ತು. ಅವಳಿಗೆ ಇದ್ದದ್ದು ಅದೊಂದೇ ಅಂಗಡಿ.

ಬುಧವಾರ ಬೆಳಗಿನ ಜಾವ ಟಿವಿಯ ಹಿಂದೆ ಬಗ್ಗಿ ಧೂಳು ಒರೆಸುತ್ತಿದ್ದಳು. ಆ ಪೆಟ್ಟಿಗೆಯ ಬೆನ್ನನ್ನು ಚೀಟಿ ಅಂಟಿಸಿದ ದಿನದ ನಂತರ ಅವಳ ಹೊರತು ಮತ್ತೊಬ್ಬರು ಕಂಡಿರಲಿಲ್ಲ. ದಾರದ ಬಣ್ಣ ಆರಿಸಿಡಲು ಸಣ್ಣ ಕೋಣೆಯ ಮೇಜಿನ ದೀಪವನ್ನು ಹಚ್ಚಿ ಬಂದಿದ್ದಳು. ಯಂತ್ರ ಆರಿತ್ತು. ಕರೆಂಟು ಹೋಯಿತು. ಪೆಟ್ಟಿಗೆ ಕೀಂ ಎಂದಿತು. ಮೀನಿನ ತೊಟ್ಟಿಯಲ್ಲಿ ಗುಳ್ಳೆ ಏಳುತ್ತಲೇ ಇತ್ತು. ಬಾಗಿಲಡಿಯಿಂದ ಕಾಣುತ್ತಿದ್ದ ದೀಪದ ಬೆಳಕು ಮಾತ್ರ ಹೋಗಿತ್ತು.

ಅಕ್ಷರದಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ಯೋಚಿಸಿದಳು. ಯಂತ್ರ ಭಾರ, ಸರಿ. ಹೆಬ್ಬೆರಳಿನಷ್ಟು ಬಲ್ಬಿನ ದೀಪವೂ ಭಾರವೇ?

ಟಿವಿ ಆಗ ಆರಿತ್ತು. ಅದರ ಪ್ಲಗ್ಗನ್ನು ಕಿತ್ತು, ಆ ಜಾಗಕ್ಕೆ ತನ್ನ ವೈರನ್ನು ಚುಚ್ಚಿದಳು. ಬಾಗಿಲಡಿಯಿಂದ ಬೆಳಕು ಹರಿದು ಬಂತು. ಕಿತ್ತು ಬಲಕ್ಕೆ ಚುಚ್ಚಿದಳು, ಕತ್ತಲು. ಎಡಕ್ಕೆ, ಬೆಳಕು. ಮೂರು ಸಲ ಮಾಡಿ ನೋಡಿದಳು. ಆಮೇಲೆ ವೈರನ್ನು ಎಡಕ್ಕೇ ಬಿಟ್ಟು, ಕೋಣೆಗೆ ಹೋಗಿ, ಒಂದು ಚಿಂದಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಹಸಿರು ಗುಂಡಿ ಒತ್ತಿದಳು. ಆ ಭಾರದ, ಆ ಹಳೆಯ, ಆ ಬ್ಯಾಟರಿ ಕುಡಿಯುವ ಯಂತ್ರ ಕರೆಂಟಿಲ್ಲದ ಮನೆಯಲ್ಲಿ ಇಪ್ಪತ್ತು ನಿಮಿಷ ಟಕಟಕ ಎಂದು ಓಡಿತು. ಕರೆಂಟು ಬಂದಾಗಲೂ ಅದಕ್ಕೆ ಗೊತ್ತಾಗಲಿಲ್ಲ.

ಟಾರ್ಚು ತಂದು ಪೆಟ್ಟಿಗೆಯ ಬೆನ್ನನ್ನು ಮತ್ತೆ ನೋಡಿದಳು. ‘ಇತರೆ’ ಚೀಟಿಯ ಒಂದು ಮೂಲೆ ಧೂಳಿಗೆ ಎದ್ದಿತ್ತು. ಉಗುರಿನಿಂದ ಅದನ್ನು ಮೆಲ್ಲಗೆ ಎತ್ತಿದಾಗ ಕೆಳಗೆ ಇಂಗ್ಲಿಷಿನ ಉಬ್ಬಕ್ಷರಗಳು ಬೆರಳಿಗೆ ಸಿಕ್ಕವು. ಕಣ್ಣಿಗಿಂತ ಮೊದಲು ಬೆರಳಿನಲ್ಲಿ ಅಕ್ಷರ ಓದುವವಳು ಅವಳು. ‘ಟಿವಿ’ ಚೀಟಿಯ ಅಂಚನ್ನೂ ಹಾಗೇ ಎತ್ತಿ ನೋಡಿದಳು. ಎಡಸಾಲಿನ ಮೇಲೆ ಬ್ಯಾಟರಿ ಎಂದಿತ್ತು. ಬಲಸಾಲಿನ ಮೇಲೆ ಬ್ಯಾಟರಿ ಇಲ್ಲ ಎಂದಿತ್ತು. ಕರೆಂಟು ಒಮ್ಮೆಲೇ ಏರಿ ಸಾಮಾನು ಸುಟ್ಟುಹೋಗದಂತೆ ಬಲಸಾಲು ಕಾಯುತ್ತದೆ, ಅಷ್ಟೇ. ಕರೆಂಟು ಹೋದರೆ ಅದರ ಜವಾಬ್ದಾರಿಯಲ್ಲ. ಪೆಟ್ಟಿಗೆಯವರು ಇಷ್ಟನ್ನೂ ಸ್ಪಷ್ಟವಾಗಿ ಬರೆದಿದ್ದರು. ಚೀಟಿ ಸಾಹೇಬರು ಅದರ ಮೇಲೆಯೇ ಚೀಟಿ ಅಂಟಿಸಿದ್ದರು.

ಹದಿನಾಲ್ಕು ತಿಂಗಳು. ಅಷ್ಟೂ ಮೆಟ್ಟಿಲುಗಳನ್ನು ಅವಳು ಒಂದೊಂದಾಗಿ ನೆನೆದಳು. ಆಮೇಲೆ, ಇಪ್ಪತ್ತೆರಡು ವರ್ಷದ ಕೈಯಲ್ಲವೇ, ಟಿವಿಯ ಪ್ಲಗ್ಗನ್ನು ಮೊದಲಿನ ಜಾಗಕ್ಕೆ ಚುಚ್ಚಿ, ತನ್ನದನ್ನು ಬಲಕ್ಕೆ ಚುಚ್ಚಿ, ಚೀಟಿಯನ್ನು ಎಂಜಲು ಹಚ್ಚಿ ಮತ್ತೆ ಅಂಟಿಸಿ, ಕುರ್ಚಿ ಹತ್ತಿ ಗಡಿಯಾರವನ್ನು ನಾಲ್ಕು ನಿಮಿಷ ಮುಂದೆ ತಳ್ಳಿ, ಕಾಫಿಗಿಟ್ಟಳು.

ತಾನೇ ಕಂಡುಹಿಡಿದೆನೆಂದು ಅವನಿಗೆ ಅನ್ನಿಸಬೇಕು. ಈ ಮನೆಯಲ್ಲಿ ಯಾವುದೇ ಸಂಗತಿ ನಿಜವಾಗುವ ದಾರಿ ಅದು. ಹಾಗಾಗಿ ಕಾಫಿ ಕೊಡುವಾಗ ಬಹಳ ನಾಜೂಕಾಗಿ ಕೇಳಿದಳು.

“ರೀ, ಆ ಪೆಟ್ಟಿಗೆ ಹಿಂದೆ ಆರು ತೂತಲ್ಲೂ ಬ್ಯಾಟರಿ ಬರುತ್ತಾ?”

ಅವನು ಪೇಪರಿನಿಂದ ಕಣ್ಣೆತ್ತಲಿಲ್ಲ. “ಒಂದೇ ಪೆಟ್ಟಿಗೆ, ಒಂದೇ ಬ್ಯಾಟರಿ. ತೂತಿಗೊಂದು ಥರ ಬರೋಕೆ ಅದೇನು ಹೋಟೆಲ್ಲಾ?”

ಒಮ್ಮೆ ಬಗ್ಗಿ ನೋಡಿದರೆ ಒಳ್ಳೆಯದಿತ್ತು ಎಂದಳು. ಅವನಿಗೆ ಬೆನ್ನು ನೋವಿತ್ತು. ವೈರಿಂಗ್ ತಾನು ನೋಡಿಕೊಳ್ಳುವುದಾಗಿಯೂ ಅವಳ ಕೆಲಸವನ್ನು ಅವಳು ನೋಡಿಕೊಂಡರೆ ಸಾಕೆಂದೂ ಹೇಳಿ, ಪೇಪರಿನ ಮುಂದಿನ ಪುಟ ತಿರುವಿದ. ಅಲ್ಲಿಯೇ ಸಿಕ್ಕಿತು ಅವನಿಗೆ ಖುಷಿಯ ಸುದ್ದಿ. ಶನಿವಾರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ದುರಸ್ತಿಗಾಗಿ ಬಡಾವಣೆಯಲ್ಲಿ ವಿದ್ಯುತ್ ಇಲ್ಲ. ಅಂದೇ ಒಂಬತ್ತಕ್ಕೆ ದೊಡ್ಡ ಮ್ಯಾಚು ಶುರು. ಕಚೇರಿಯ ಇಬ್ಬರಿಗೆ ಅವನು ಆ ದಿನವೇ ಹೇಳಿಬಂದ: ಎಲ್ಲರ ಮನೆಯ ಟಿವಿ ಆರಿದರೂ ನಮ್ಮದು ಆರುವುದಿಲ್ಲ, ಬನ್ನಿ.

ಕೋಟುಗಳು ಶುಕ್ರವಾರ ಸಂಜೆ ಬಂದವು. ಒಂದಕ್ಕೆ ಇಪ್ಪತ್ತೆರಡು ನಿಮಿಷ. ಶನಿವಾರ ಎಂಟೂವರೆಗೆ ಕೂತರೆ ಒಂಬತ್ತೂವರೆಗೆ ಎರಡೂ ಮುಗಿದು, ಹತ್ತರ ಹಂಗೇ ಇಲ್ಲ ಎಂದು ಅಕ್ಷರದಕ್ಕ ಎಣಿಸಿದ್ದಳು. ಯಾರ ಪ್ಲಗ್ಗನ್ನೂ ಮುಟ್ಟುವ ಅಗತ್ಯವಿರಲಿಲ್ಲ. ಆ ಬೆಳಗ್ಗೆ ಬೇಗ ಎದ್ದು, ಹೊತ್ತು ಉಳಿಸಲೆಂದು ಒಂದೇ ಒಂದು ಕೆಲಸವನ್ನು ಬಿಟ್ಟಳು. ಕುರ್ಚಿ ಹತ್ತಲಿಲ್ಲ.

ಎಂಟೂವರೆಗೆ ಕಚೇರಿಯ ಇಬ್ಬರೂ ಬಂದರು. ಮ್ಯಾಚಿಗೆ ಮುಂಚಿನ ಮಾತುಕತೆಯನ್ನೂ ನೋಡಬೇಕಂತೆ. ಒಬ್ಬರಿಗೆ ಸಕ್ಕರೆ ಹಾಕದ ಚಹಾ, ಇನ್ನೊಬ್ಬರಿಗೆ ಕಾಫಿ. ತಿನ್ನಲು ಏನಾದರೂ. ಇನ್ನೊಂದು ದಿಂಬು. ಮತ್ತೊಮ್ಮೆ ಚಹಾ. ಒಂದು ಕೋಟು ಮುಗಿಯುವಾಗ ಒಂಬತ್ತೂ ಮುಕ್ಕಾಲು. ಎರಡನೆಯದನ್ನು ಚೌಕಟ್ಟಿಗೆ ಬಿಗಿದು, ಗೆರೆ ಸರಿಮಾಡಿ ನೋಡಿದಾಗ ಫೋನಿನಲ್ಲಿ ಒಂಬತ್ತು ಐವತ್ತೆರಡು. ಅದು ಹಿರಿಯ ವೈದ್ಯರ ಕೋಟು, ಉದ್ದನೆಯ ಹೆಸರು, ಒತ್ತಕ್ಷರ ಮೂರು. ಈಗ ಶುರುಮಾಡಿದರೂ ಹೆಸರಿನ ನಡುವೆ ಸೂಜಿ ನಿಲ್ಲುತ್ತದೆ. ಎರಡು ಗಂಟೆಯ ಮೇಲೆ ಶುರುಮಾಡೋಣವೆಂದರೆ ಹನ್ನೊಂದಕ್ಕೆ ಅಂಗಡಿಯವಳು ಬಾಗಿಲಲ್ಲಿರುತ್ತಾಳೆ.

ಎಡಸಾಲಿನಲ್ಲಿ ಮೂರು ತೂತು. ನೆಟ್ಟನ್ನು ಕೀಳುವಂತಿಲ್ಲ, ಒಳಗೆ ಮಗಳು ಅದರಲ್ಲೇ ಪರೀಕ್ಷೆ ಬರೆಯುತ್ತಿದ್ದಳು. ಮೀನಿನ ಪಂಪನ್ನು ಕಿತ್ತರೆ ಯಾರೂ ಕೇಳುವುದಿಲ್ಲ, ಅರ್ಧ ಗಂಟೆಗೆ ಮೀನೂ ಸಾಯುವುದಿಲ್ಲ. ಆದರೆ ಟಿವಿಯನ್ನೂ ಯಂತ್ರವನ್ನೂ ಒಟ್ಟಿಗೆ ಹೊತ್ತರೆ ಆ ಪೆಟ್ಟಿಗೆ ಹತ್ತು ನಿಮಿಷಕ್ಕೆ ಕೈ ಕೊಡುತ್ತದೆ. ಹದಿನಾಲ್ಕು ತಿಂಗಳಿಂದ ಅದರ ಕೀಂ ಕೀಂ ಕೇಳಿಸಿಕೊಂಡವಳಿಗೆ ಅದರ ಉಸಿರು ಎಷ್ಟೆಂದು ಗೊತ್ತಿತ್ತು. ಉಳಿದದ್ದು ಟಿವಿ.

ಅಕ್ಷರದಕ್ಕ ಒರೆಸುವ ಬಟ್ಟೆ ತೆಗೆದುಕೊಂಡು ನಡುಮನೆಗೆ ಹೋದಳು. ಒರೆಸುವ ಬಟ್ಟೆ ಹಿಡಿದ ಹೆಂಗಸನ್ನು ಯಾರೂ ನೋಡುವುದಿಲ್ಲ. ಮೂವರು ಗಂಡಸರು ಕಾಲುಗಳನ್ನು ಸ್ವಲ್ಪ ಪಕ್ಕಕ್ಕೆ ತೆಗೆದು ದಾರಿ ಬಿಟ್ಟರು. ಅತ್ತೆ ಮಾತ್ರ ತಮ್ಮ ಮೂಲೆಯಿಂದ ಒಮ್ಮೆ ನೋಡಿದರು, ಈ ಹೊತ್ತಿಗೆ ಯಾವ ಧೂಳು ಎನ್ನುವ ಹಾಗೆ. ಜಾಹೀರಾತು ಬರುವವರೆಗೆ ಕಾದು, ಅವಳು ಬಗ್ಗಿ ಎರಡು ಪ್ಲಗ್ಗು ಕಿತ್ತು ಎರಡು ಚುಚ್ಚಿದಳು. ಚೀಟಿ ಬೆರಳಿಗೆ ಅಂಟಿಕೊಂಡು ಬಂತು, ಅದನ್ನು ಸೆರಗಿಗೆ ಅಂಟಿಸಿಕೊಂಡಳು. ಟಿವಿ ಕಣ್ಣು ಮುಚ್ಚಿ ತೆರೆಯಿತು.

“ಮೆಲ್ಲಗೆ ಒರೆಸೇ. ಮ್ಯಾಚ್ ನಡೀತಿದೆ” ಎಂದ ಗಂಡ.

ಅವಳು ಹಸಿರು ಗುಂಡಿ ಒತ್ತಿದ ಐದು ನಿಮಿಷಕ್ಕೆ ಕರೆಂಟು ಹೋಯಿತು. ಪೆಟ್ಟಿಗೆ ಕೀಂ ಎಂದಿತು, ಟಿವಿ ಆರಿತು, ಮೀನಿನ ತೊಟ್ಟಿಯಲ್ಲಿ ಗುಳ್ಳೆ ಎದ್ದವು, ಸಣ್ಣ ಕೋಣೆಯಲ್ಲಿ ಸೂಜಿ ಎರಡನೆಯ ಅಕ್ಷರದ ಹೊಟ್ಟೆಯನ್ನು ಸುತ್ತಿ ಮೂರನೆಯದಕ್ಕೆ ಹೋಯಿತು. ಗಂಡ ಮೊದಲು ಗೋಡೆ ಗಡಿಯಾರ ನೋಡಿದ. ಅದು ಹತ್ತಕ್ಕೆ ನಾಲ್ಕು ನಿಮಿಷ ಕಡಿಮೆ ತೋರಿಸುತ್ತಿತ್ತು. ವಿದ್ಯುತ್ ಕಚೇರಿಯವರಿಗೆ ಹೊತ್ತಿನ ಬೆಲೆಯೇ ಇಲ್ಲ, ಹೇಳಿದ್ದಕ್ಕಿಂತ ನಾಲ್ಕು ನಿಮಿಷ ಮುಂಚೆ ತೆಗೆದಿದ್ದಾರೆ, ಈ ಗಡಿಯಾರ ಅಪ್ಪನ ಕಾಲದ್ದು, ಇದುವರೆಗೆ ಒಂದು ನಿಮಿಷ ಆಚೀಚೆ ಆಗಿಲ್ಲ ಎಂದು ಬಂದವರಿಗೆ ವಿವರಿಸಿದ. ಅವರಲ್ಲೊಬ್ಬ ತನ್ನ ಕೈಗಡಿಯಾರ ನೋಡಿಕೊಂಡು, ಅತಿಥಿಯ ಮರ್ಯಾದೆಗೆ, ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

ಆಮೇಲೆ ಗಂಡನಿಗೆ ಟಕಟಕ ಕೇಳಿಸಿತು.

ಅವನು ಬಂದು ಸಣ್ಣ ಕೋಣೆಯ ಬಾಗಿಲಲ್ಲಿ ನಿಂತ. ದೀಪ ಉರಿಯುತ್ತಿತ್ತು, ಸೂಜಿ ಓಡುತ್ತಿತ್ತು.

“ಇವಳೇ, ಇದು ಹೇಗೆ ಓಡ್ತಿದೆ?”

“ನೀವೇ ಹೇಳಿದ್ರಲ್ಲ. ಒಂದೇ ಪೆಟ್ಟಿಗೆ, ಒಂದೇ ಬ್ಯಾಟರಿ.”

“ಮತ್ತೆ ಟಿವಿ?”

ಅಕ್ಷರದಕ್ಕ ಪರದೆಯ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. “ಹಳೇದಾಯ್ತೇನೋ. ಭಾರ ಜಾಸ್ತಿ.”

ಹೊರಗೆ ಅತ್ತೆಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಗಂಡ ಯಂತ್ರವನ್ನು ನಿಲ್ಲಿಸು, ಐದು ನಿಮಿಷ ನಿಲ್ಲಿಸಿದರೆ ಟಿವಿಗೆ ಬರುತ್ತದೇನೋ ನೋಡೋಣ ಎಂದ. ಅವಳು ಕೈಯನ್ನು ಗುಂಡಿಯ ಹತ್ತಿರ ಒಯ್ಯಲಿಲ್ಲ. ಅವನು ಹೋಗಿ ಟಿವಿಯ ಮುಂಭಾಗವನ್ನು ಎರಡು ಸಲ ತಟ್ಟಿದ, ರಿಮೋಟಿನ ಬ್ಯಾಟರಿ ತೆಗೆದು ಹಾಕಿದ, ಪೆಟ್ಟಿಗೆಯ ತಲೆಯನ್ನೂ ತಟ್ಟಿದ. ಬಗ್ಗಿ ಹಿಂದೆ ನೋಡಲು ಅಲ್ಲಿ ಕತ್ತಲು, ಬೆನ್ನು ನೋವು ಬೇರೆ. ಅಷ್ಟರಲ್ಲಿ ಬಂದವರಲ್ಲೊಬ್ಬ, ಎರಡು ಬೀದಿಯಾಚೆ ಪಕ್ಕದ ಬಡಾವಣೆಯಲ್ಲಿ ತಮ್ಮನ ಮನೆಯಿದೆ, ಅಲ್ಲಿ ಕರೆಂಟು ಇರುತ್ತದೆ ಎಂದ. ಮೂವರೂ ಚಪ್ಪಲಿ ಮೆಟ್ಟಿಕೊಂಡರು. ಬಂದು ನೋಡುತ್ತೇನೆ, ಏನೋ ಲೂಸ್ ಕನೆಕ್ಷನ್ ಇರಬೇಕು ಎಂದು ಗಂಡ ಮೆಟ್ಟಿಲಿಳಿಯುತ್ತ ಹೇಳುತ್ತಿದ್ದದ್ದು ಕೇಳಿಸಿತು.

ಅತ್ತೆ ಎದ್ದು ಗಡಿಯಾರದ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಸಣ್ಣ ಕೋಣೆಯ ಬಾಗಿಲಿಗೆ ಬಂದರು.

“ಇವತ್ತು ಕುರ್ಚಿ ಹತ್ತಲಿಲ್ವೇನೆ?”

“ಇಲ್ಲ ಅತ್ತೆ. ಪುರುಸೊತ್ತಾಗಲಿಲ್ಲ.”

“ಹೂಂ” ಎಂದರು ಅತ್ತೆ. ಹಳದಿ ಮಾತ್ರೆ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು.

ಹತ್ತೂ ಕಾಲರ ಹೊತ್ತಿಗೆ ಸೂಜಿ ಕಡೆಯ ಅಕ್ಷರದ ಬಾಲ ಮುಗಿಸಿ, ಗಂಟು ಹಾಕಿ, ತಾನೇ ಮೇಲೆದ್ದು ನಿಂತಿತು. ಅಕ್ಷರದಕ್ಕ ಕೋಟನ್ನು ಚೌಕಟ್ಟಿನಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಾಡಿಸಿದಳು. ಒತ್ತಕ್ಷರ ಮೂರರಲ್ಲೂ ಮೆಟ್ಟಿಲಿರಲಿಲ್ಲ. ದಾರದ ತುದಿ ಕತ್ತರಿಸಿ, ಎರಡೂ ಕೋಟನ್ನು ಮಡಿಸಿ ಬಾಗಿಲ ಬಳಿಯ ಮೇಜಿನ ಮೇಲಿಟ್ಟಳು. ಹನ್ನೊಂದಕ್ಕೆ ಅಂಗಡಿಯವಳು ಬಂದು ಬೆಳಕಿಗೆ ಹಿಡಿದಾಗ ತೋರಿಸಲು ಅವಳ ಬೆರಳಿಗೆ ಜಾಗ ಸಿಗುವುದಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಟಾರ್ಚು, ಒರೆಸುವ ಬಟ್ಟೆ ತೆಗೆದುಕೊಂಡು ಟಿವಿಯ ಹಿಂದೆ ಮಂಡಿಯೂರಿದಳು. ಪೆಟ್ಟಿಗೆ ಕೀಂ ಕೀಂ ಎನ್ನುತ್ತಲೇ ಇತ್ತು, ಅದರಲ್ಲಿ ಇನ್ನೂ ಸ್ವಲ್ಪ ಉಸಿರಿತ್ತು. ಎರಡು ಪ್ಲಗ್ಗು ಕಿತ್ತು ಎರಡು ಚುಚ್ಚಿದರೆ ಮುಗಿಯಿತು. ಮ್ಯಾಚು ಮುಗಿಸಿ ಬಂದವನು ಟಿವಿ ಹಚ್ಚಿ ನೋಡುತ್ತಾನೆ, ಅದು ಹತ್ತುತ್ತದೆ, ಲೂಸ್ ಕನೆಕ್ಷನ್ನೇ ಆಗಿತ್ತು ಎಂದು ಸೋಮವಾರ ಕಚೇರಿಯಲ್ಲಿ ಹೇಳಲು ಅವನಿಗೊಂದು ಮಾತಿರುತ್ತದೆ. ಖುಷಿಯಾಗಿರುತ್ತಾನೆ. ಸೆರಗಿನ ತುದಿಗೆ ಅಂಟಿಕೊಂಡಿದ್ದ ‘ಇತರೆ’ ಚೀಟಿಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಅಂಟು ಉಳಿದಿತ್ತು. ಕೈ ತಾನಾಗಿಯೇ ಟಿವಿಯ ಪ್ಲಗ್ಗಿನವರೆಗೆ ಹೋಯಿತು. ಗಡಿಯಾರದ ಮುಳ್ಳಿನವರೆಗೆ ದಿನವೂ ಹೋಗುವ ಹಾಗೆ.

ಅಲ್ಲಿ ಅದನ್ನು ನಿಲ್ಲಿಸಿದಳು.

ಚೀಟಿಯನ್ನು ಸೆರಗಿನಿಂದ ಬಿಡಿಸಿ, ನಾಲ್ಕಾಗಿ ಮಡಿಸಿ, ಚಿಂದಿ ದಾರದ ಡಬ್ಬಕ್ಕೆ ಹಾಕಲೆಂದು ಕೈಯಲ್ಲಿ ಹಿಡಿದುಕೊಂಡಳು. ಬಯಲಾದ ಉಬ್ಬಕ್ಷರಗಳ ಮೇಲಿನ ಅಂಟನ್ನು ಉಗುರಿನಿಂದ ಕೆರೆದು, ಓದಲು ಬರುವ ಹಾಗೆ, ಒಮ್ಮೆ ಚೆನ್ನಾಗಿ ಒರೆಸಿದಳು. ಪ್ಲಗ್ಗುಗಳು ಇದ್ದಲ್ಲೇ ಇದ್ದವು, ಅವಳದು ಎಡಕ್ಕೆ, ಟಿವಿಯದು ಬಲಕ್ಕೆ. ಏಳುವಾಗ ಟಾರ್ಚನ್ನು ಪೆಟ್ಟಿಗೆಯ ಪಕ್ಕದಲ್ಲೇ ಬಿಟ್ಟಳು. ಸ್ವಲ್ಪ ಯೋಚಿಸಿ, ಒರೆಸುವ ಬಟ್ಟೆಯನ್ನೂ ಅದರ ಪಕ್ಕದಲ್ಲಿ ಮಡಿಸಿಟ್ಟಳು.